ಫ್ಯೂಸನ್ನು ದೂರುವ ಮೊದಲು



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುವರ್ಗದ ತರುಣರಲ್ಲಿಯೂ ಒಂದು ಹವ್ಯಾಸ ಬಲವಾಗಿ ಬೇರೂರಿರುವುದನ್ನು ಕಾಣುತ್ತಿದ್ದೇನೆ. ಕಾರು ಕೊಂಡ ಕೆಲವೇ ತಿಂಗಳಲ್ಲಿ ಅದರ ಹೆಡ್‌ಲೈಟ್, ಹಾರನ್, ಸ್ಟೀರಿಯೊಗಳನ್ನು ಸ್ವತಃ ಕಳಚಿ, ಹೆಚ್ಚು ಶಕ್ತಿಯವನ್ನು ತಂದು ಜೋಡಿಸುವುದು. ಭಾನುವಾರದ ಬೆಳಗನ್ನು ಟಿ.ವಿ. ಮುಂದೆ ಕಳೆಯುವ ಬದಲು ಕೈಗೆ ಗ್ರೀಸು ಮೆತ್ತಿಕೊಂಡು ಕಳೆಯುವವರ ಬಗ್ಗೆ ನನಗೆ ಗೌರವವೇ ಇದೆ. ವಿಜ್ಞಾನವನ್ನು ಕಪ್ಪು ಹಲಗೆಯ ಮೇಲೆ ಮಾತ್ರ ಕಂಡ ಪೀಳಿಗೆಗೆ ಇಂಥ ಹವ್ಯಾಸ ಬೇಕು. ಆದರೆ ಇವರಲ್ಲಿ ಅನೇಕರ ಉಪಕರಣಗಳ ಪೆಟ್ಟಿಗೆಯಲ್ಲಿ ಸ್ಪ್ಯಾನರ್ ಇರುತ್ತದೆ, ಕಟಿಂಗ್ ಪ್ಲೇಯರ್ ಇರುತ್ತದೆ, ಇನ್ಸುಲೇಷನ್ ಟೇಪು ಇರುತ್ತದೆ. ಮಲ್ಟಿಮೀಟರ್ ಮಾತ್ರ ಇರುವುದಿಲ್ಲ. ನನ್ನ ತಕರಾರು ಅಲ್ಲಿಂದ ಆರಂಭ.

ಅಳೆದು ನೋಡದೆ ಕಾರಿನ ವಿದ್ಯುತ್ ವ್ಯವಸ್ಥೆಗೆ ಕೈಹಾಕುವವನನ್ನು ಹವ್ಯಾಸಿ ಎಂದು ಕರೆಯಲು ನಾನು ಸಿದ್ಧನಿಲ್ಲ. ಅವನು ಜೂಜುಕೋರ. ಅವನು ಪಣಕ್ಕೆ ಇಡುತ್ತಿರುವುದಾದರೂ ಏನನ್ನು? ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿರುವ ಮಕ್ಕಳ ಪ್ರಾಣವನ್ನು, ಎದುರಿನಿಂದ ಬರುತ್ತಿರುವ ಅಪರಿಚಿತನ ಕಣ್ಣನ್ನು.

ಮಾತು ಕಠಿಣವಾಯಿತೆಂದು ಅನ್ನಿಸಬಹುದು. ಲೆಕ್ಕ ಮಾಡಿ ತೋರಿಸುತ್ತೇನೆ.

ಬಹುಕಾಲ ನಮ್ಮ ಕಾರುಗಳಲ್ಲಿ ಬರುತ್ತಿದ್ದ, ಈಗಲೂ ಲಕ್ಷಾಂತರ ಕಾರುಗಳಲ್ಲಿರುವ ಹ್ಯಾಲೊಜನ್ ಬಲ್ಬು 60/55 ವಾಟ್‌ನದು. ಹೈ ಬೀಮ್‌ಗೆ 60, ಡಿಪ್‌ಗೆ 55. ಹೈ ಬೀಮ್ ಹಾಕಿದಾಗ ಎರಡು ಬಲ್ಬುಗಳೂ ಸೇರಿ 120 ವಾಟ್. 12 ವೋಲ್ಟ್‌ನಿಂದ ಭಾಗಿಸಿದರೆ 10 ಆಂಪಿಯರ್. ಈಗ ನಮ್ಮ ಹವ್ಯಾಸಿ ಅಂಗಡಿಯಿಂದ 100/90 ವಾಟ್‌ನ ಬಲ್ಬು ತರುತ್ತಾನೆ. ಅದೇ ಹೋಲ್ಡರಿನಲ್ಲಿ ಚೆನ್ನಾಗಿ ಕೂರುತ್ತದೆ. ಕೂರುತ್ತದೆ ಎಂದಮೇಲೆ ಸರಿಯಾಗಿದೆ ಎಂದು ಅವನ ತರ್ಕ. ಈಗ ಪ್ರವಾಹ 10 ಆಂಪಿಯರಿನಿಂದ ಸುಮಾರು 16.7 ಆಂಪಿಯರಿಗೆ ಏರಿತು. ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆ, ಅದೇನು ಮಹಾ ಎಂದು ಕೇಳುತ್ತಾನೆ. ಹತ್ತನೆಯ ತರಗತಿಯಲ್ಲಿ ಅವನು ಉರುಹೊಡೆದ ಜೌಲನ ನಿಯಮ ನೆನಪಿದ್ದಿದ್ದರೆ ಈ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ. ತಂತಿಯಲ್ಲಿ ಹುಟ್ಟುವ ಉಷ್ಣ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹ 1.67 ಪಟ್ಟಾದರೆ ಉಷ್ಣ ಸುಮಾರು 2.8 ಪಟ್ಟು!

ಇನ್ನೂ ಸ್ಪಷ್ಟವಾಗಲಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಬ್ಯಾಟರಿಯಿಂದ ಹೊರಟು, ಸ್ಟೀರಿಂಗ್ ಬಳಿಯ ಸ್ವಿಚ್ಚನ್ನು ಹಾದು, ಮತ್ತೆ ಮುಂದಕ್ಕೆ ಬಂದು ದೀಪವನ್ನು ತಲುಪುವಾಗ ಐದು ಮೀಟರ್ ಸಾಗಿದೆ ಎಂದುಕೊಳ್ಳೋಣ. ಅದರ ರೋಧ ಸುಮಾರು 0.09 ಓಮ್. 10 ಆಂಪಿಯರಿಗೆ ಆ ತಂತಿಯಲ್ಲಿ ಹುಟ್ಟುವ ಕಾವು 9 ವಾಟ್, 16.7 ಆಂಪಿಯರಿಗೆ 25 ವಾಟ್. ರೇಡಿಯೊ ರಿಪೇರಿಯವನ ಸಣ್ಣ ಸಾಲ್ಡರಿಂಗ್ ಐರನ್ನಿನ ಶಕ್ತಿಯೂ ಸಾಮಾನ್ಯವಾಗಿ 25 ವಾಟ್‌ನದೇ. ಐದು ಮೀಟರಿನುದ್ದಕ್ಕೂ ಸಮನಾಗಿ ಹರಡಿದರೆ ತಂತಿ ಬಿಸಿಯಾಗಿ ಸುಮ್ಮನಾದೀತು. ಆದರೆ ತುಕ್ಕು ಹಿಡಿದ ಕನೆಕ್ಟರ್, ಸಡಿಲವಾದ ಪಿನ್ನು, ಸ್ವಿಚ್ಚಿನ ಸವೆದ ಸಂಪರ್ಕ, ಇವುಗಳಲ್ಲಿ ರೋಧ ಹೆಚ್ಚು. ಕಾವು ಅಲ್ಲಿಯೇ ಗುಂಪುಗೂಡುತ್ತದೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಅದರ ಮೇಲಿನ ಪಿ.ವಿ.ಸಿ. ಹೊದಿಕೆ ಮೆತ್ತಗಾಗಲು ನೀರು ಕುದಿಯುವ ಬಿಸಿಯ ಆಸುಪಾಸೇ ಸಾಕು. ಮೊದಲು ಹೋಲ್ಡರ್ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸುಟ್ಟ ವಾಸನೆ, ಆಮೇಲಿನದನ್ನು ನಾನು ಹೇಳಬೇಕಿಲ್ಲ.

ಈ ದುರಂತವನ್ನು ತಡೆಯಲೆಂದೇ ಇರುವವನು ಫ್ಯೂಸು. ಬಲ್ಬು ಬದಲಿಸಿದ ಕೆಲವು ದಿನಗಳಲ್ಲಿ ಅವನು ಪ್ರಾಣತ್ಯಾಗ ಮಾಡಿ ಎಚ್ಚರಿಸುತ್ತಾನೆ. ನಮ್ಮವರು ಏನು ಮಾಡುತ್ತಾರೆ? ನೀಲಿ ಬಣ್ಣದ 15 ಆಂಪಿಯರಿನ ಫ್ಯೂಸನ್ನು ಕಿತ್ತು ಹಸಿರು ಬಣ್ಣದ 30ರದ್ದನ್ನು ಸಿಕ್ಕಿಸುತ್ತಾರೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವನ ವೈದ್ಯ ಇದು! ಫ್ಯೂಸು ಕಾಯುವುದು ಬಲ್ಬನ್ನಲ್ಲ, ತಂತಿಯನ್ನು. ತಂತಿ ತಾಳುವಷ್ಟಕ್ಕೆ ತಕ್ಕಂತೆ ಫ್ಯೂಸಿನ ಅಳತೆಯೇ ಹೊರತು ನಿಮ್ಮ ಆಸೆಗೆ ತಕ್ಕಂತೆ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರಿಗೆ ಆಂಪಿಯರ್ ಗೊತ್ತಿರಲಿಲ್ಲ, ವಿವೇಕ ಗೊತ್ತಿತ್ತು.

ನನ್ನ ತಂಗಿಯ ಮಗ ಒಮ್ಮೆ ಕಾರಿನಲ್ಲಿ ಊರಿಗೆ ಬಂದಾಗ ಡ್ಯಾಶ್‌ಬೋರ್ಡಿನ ಕೆಳಗೆ ಸಣ್ಣಗೆ ವಾಸನೆ ಬರುತ್ತಿತ್ತು. ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆಸಿದೆ. ಸ್ಟೀರಿಯೊ ಕೂರಿಸಿದ ಪುಣ್ಯಾತ್ಮನೊಬ್ಬ ಸುಟ್ಟುಹೋದ ಫ್ಯೂಸಿನ ಕಾಲುಗಳಿಗೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಮತ್ತೆ ಚುಚ್ಚಿದ್ದ. "ಮಾವ, ಆಮೇಲೆ ಒಂದು ಸಲವೂ ತೊಂದರೆಯಾಗಿಲ್ಲ" ಎಂದು ಹುಡುಗ ಹೆಮ್ಮೆಯಿಂದ ಹೇಳಿದ. ಹೌದಪ್ಪಾ, ಕಾವಲುಗಾರನನ್ನು ಕಟ್ಟಿಹಾಕಿದ ಮನೆಯಲ್ಲಿ ಬೊಗಳುವ ಸದ್ದು ಕೇಳಿಸುವುದಿಲ್ಲ.

ಇನ್ನು ಎದುರುವಾದಕ್ಕೆ ಬರೋಣ. "ಸಾರ್, ನೀವು ಹಗಲು ಬಸ್ಸಿನಲ್ಲಿ ಓಡಾಡುವವರು. ರಾತ್ರಿ ಶಿರಾಡಿ ಘಾಟಿಯ ಮಳೆಯಲ್ಲಿ, ಮಂಡ್ಯದ ಕಡೆ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಕಾರು ಓಡಿಸಿ ನೋಡಿ. ಕಂಪನಿಯ ದೀಪದಲ್ಲಿ ಏನೂ ಕಾಣುವುದಿಲ್ಲ." ಈ ವಾದದಲ್ಲಿ ನಿಜವಿದೆ, ಅದನ್ನು ತಳ್ಳಿಹಾಕಲಾರೆ. ಹೆಚ್ಚು ಬೆಳಕು ಬೇಕೆಂಬುದು ಶೋಕಿಯಲ್ಲ, ಎಷ್ಟೋ ಸಲ ಜೀವದ ಪ್ರಶ್ನೆ. ಆದರೆ ನಾನು ಕೇಳುವುದು ಇಷ್ಟೇ: ಇರುವ ಬೆಳಕು ಎಲ್ಲಿ ಸೋರಿಹೋಗುತ್ತಿದೆ ಎಂದು ನೋಡಿದ್ದೀರಾ?

ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಹಾಗೆಂದರೆ ವೋಲ್ಟೇಜು ಶೇಕಡಾ 5 ಕುಸಿದರೆ ಬೆಳಕು ಶೇಕಡಾ 16 ಹೋಯಿತು. ಶೇಕಡಾ 10 ಕುಸಿದರೆ ಬೆಳಕು ಶೇಕಡಾ 30ರಷ್ಟು ಹೋಯಿತು. ಮೇಲೆ ಹೇಳಿದ ತಂತಿಯೊಂದರಲ್ಲೇ 0.9 ವೋಲ್ಟ್ ಕಳೆದುಹೋಗುತ್ತದೆ. ಹಳೆಯ ಸ್ವಿಚ್ಚು, ತುಕ್ಕು ಹಿಡಿದ ಅರ್ತ್ ಸೇರಿದರೆ ಒಂದೂವರೆ ವೋಲ್ಟ್ ಹೋಗುವುದು ಆಶ್ಚರ್ಯವೇನಲ್ಲ. ಹೆಚ್ಚು ವಾಟ್‌ನ ಬಲ್ಬು ಹಾಕಿದರೆ ಪ್ರವಾಹ ಏರಿ ಈ ಸೋರಿಕೆಯೂ ಏರುತ್ತದೆ. ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಸುರಿಯುವ ಜಾಣತನ.

ಎಂಜಿನ್ ಓಡುತ್ತಿರಲಿ, ದೀಪ ಉರಿಯುತ್ತಿರಲಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ದೀಪದ ಧನ ಪಿನ್ನಿಗೂ ತಾಗಿಸಿ. ತೋರುವ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜು. ಹಾಗೆಯೇ ಬ್ಯಾಟರಿಯ ಋಣ ತುದಿಯಿಂದ ದೀಪದ ಅರ್ತ್ ಪಿನ್ನಿಗೆ ನೋಡಿ. ಯಾವುದೇ ಕಡೆ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ದೋಷ ಅಲ್ಲಿದೆ. ಅರ್ತ್ ಕಡೆ ಇದ್ದರೆ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಮಾಡಿ; ಒಂದು ಚೂರು ಉಪ್ಪುಕಾಗದದ ಖರ್ಚು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುವ ಕಾರುಗಳ ಕಾಯಿಲೆಯೂ ಸಾಮಾನ್ಯವಾಗಿ ಇದೇ. ಧನದ ಕಡೆ ಇದ್ದರೆ ರಿಲೇ ಹಾಕಿ. 30ನೆಯ ಕಾಲಿಗೆ ಬ್ಯಾಟರಿಯಿಂದ ನೇರವಾಗಿ, ಫ್ಯೂಸಿನ ಮೂಲಕ, ದಪ್ಪ ತಂತಿ, 87ರಿಂದ ದೀಪಕ್ಕೆ, 85, 86 ಕಾಲುಗಳಿಗೆ ಹಳೆಯ ಸ್ವಿಚ್ಚಿನ ತಂತಿ ಮತ್ತು ಅರ್ತ್. ಹೈ ಬೀಮ್‌ಗೊಂದು, ಡಿಪ್‌ಗೊಂದು. 2.5 ಚದರ ಮಿಲಿಮೀಟರಿನ ಮೂರು ಮೀಟರ್ ತಂತಿಯಲ್ಲಿ 10 ಆಂಪಿಯರಿಗೆ ನಷ್ಟ ಕೇವಲ 0.2 ವೋಲ್ಟ್. ಅದೇ 60/55ರ ಬಲ್ಬು ಹೊಸದರಂತೆ ಬೆಳಗುತ್ತದೆ. ಸ್ಟೀರಿಂಗ್ ಬಳಿಯ ಸ್ವಿಚ್ಚೂ ಬಹುಕಾಲ ಬಾಳುತ್ತದೆ. ಹೊಸದಾಗಿ ಎಳೆದ ಯಾವುದೇ ತಂತಿಗೆ, ಅದು ಆಂಪ್ಲಿಫೈಯರಿನದೇ ಆಗಲಿ, ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸು ಇರಲೇಬೇಕು.

"ನಾವು ಎಲ್.ಇ.ಡಿ. ಹಾಕುತ್ತೇವೆ, ಅದು ಕಡಿಮೆ ವಿದ್ಯುತ್ತು ಎಳೆಯುತ್ತದೆ" ಎನ್ನುವವರಿದ್ದಾರೆ. ತಂತಿಯ ಮಟ್ಟಿಗೆ ಅವರ ಮಾತು ಸರಿ. ಕಣ್ಣಿನ ಮಟ್ಟಿಗೆ ಸರಿಯಲ್ಲ. ಹ್ಯಾಲೊಜನ್ ದೀಪದ ಪ್ರತಿಫಲಕವನ್ನು ಕೂದಲೆಳೆಯಂಥ ಫಿಲಮೆಂಟು ಇಂಥದೇ ಜಾಗದಲ್ಲಿ ಇರುತ್ತದೆ ಎಂದು ಲೆಕ್ಕಹಾಕಿ ರೂಪಿಸಿರುತ್ತಾರೆ. ಡಿಪ್ ಫಿಲಮೆಂಟಿನ ಕೆಳಗಿರುವ ಪುಟ್ಟ ಲೋಹದ ಬಟ್ಟಲು ಬೆಳಕು ಮೇಲಕ್ಕೆ ಹಾರದಂತೆ ತಡೆಯುತ್ತದೆ. ಆ ಜಾಗದಲ್ಲಿ ಅಗ್ಗದ ಎಲ್.ಇ.ಡಿ. ಚಿಪ್ಪನ್ನು ತುರುಕಿದರೆ ಬೆಳಕು ರಸ್ತೆಗೆ ಬೀಳುವ ಬದಲು ಎದುರಿನವನ ಮುಖಕ್ಕೆ ಬೀಳುತ್ತದೆ. ಕಾರ್ಖಾನೆಯಿಂದಲೇ ಎಲ್.ಇ.ಡಿ.ಗೆಂದು ರೂಪಿಸಿದ ದೀಪದ ಮಾತು ಬೇರೆ. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ದೀಪಗಳ ವಿರುದ್ಧ ಕಾರ್ಯಾಚರಣೆಗೆ ಇಳಿದದ್ದು ಸುಮ್ಮನೆ ಅಲ್ಲ. "ಎದುರಿನವನು ಹಾಕಿದ್ದಾನೆ, ಅದಕ್ಕೆ ನಾನೂ" ಎಂಬುದು ತರಗತಿಯಲ್ಲಿ ಗಲಾಟೆ ಮಾಡಿ ಸಿಕ್ಕಿಬಿದ್ದ ಹುಡುಗರ ಉತ್ತರ. ಮೀಸೆ ಬಂದಮೇಲೂ ಅದೇ ಉತ್ತರವೇ?

ದುರಸ್ತಿಯಲ್ಲಿಯೂ ಇದೇ ಕಥೆ. ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲವೆಂದರೆ ಹೊಸ ಬ್ಯಾಟರಿ. ಅದೂ ಸತ್ತರೆ ಆಲ್ಟರ್ನೇಟರ್. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಎರಡೂ ಸರಿಯಿದ್ದರೆ ರಾತ್ರಿ ಯಾರೋ ಕದಿಯುತ್ತಿದ್ದಾರೆ. ಎಲ್ಲವನ್ನೂ ಆರಿಸಿ, ಬಾಗಿಲು ಹಾಕಿ, ಋಣ ತಂತಿ ಕಳಚಿ ಅಲ್ಲಿ ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿ ಸರಣಿಯಾಗಿ ಜೋಡಿಸಿ, ಕಾರಿನ ಕಂಪ್ಯೂಟರುಗಳು ನಿದ್ದೆಗೆ ಜಾರುವವರೆಗೆ ಕಾಯಿರಿ. (ಆಗ ಸ್ಟಾರ್ಟ್ ಮಾತ್ರ ಮಾಡಬೇಡಿ, ಮೀಟರು ಹೋಗುತ್ತದೆ.) 50 ಮಿಲಿ ಆಂಪಿಯರಿನೊಳಗಿದ್ದರೆ ಸಹಜ. ಅರ್ಧ ಆಂಪಿಯರ್ ಇದ್ದರೆ ದಿನಕ್ಕೆ 12 ಆಂಪಿಯರ್-ಗಂಟೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನಕ್ಕೆ ಖಾಲಿ. ಒಂದೊಂದೇ ಫ್ಯೂಸು ಕಿತ್ತುನೋಡಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯಿತೋ ಕಳ್ಳ ಆ ದಾರಿಯಲ್ಲಿದ್ದಾನೆ.

"ನೀವು ಏನನ್ನೂ ಮುಟ್ಟಬೇಡಿ, ವಾರಂಟಿ ಹೋಗುತ್ತದೆ" ಎಂದು ಹೆದರಿಸುವವರ ಪರವಾಗಿಯೂ ನಾನಿಲ್ಲ. ಹೊಸ ಕಾರುಗಳಲ್ಲಿ ಕಂಪ್ಯೂಟರಿನ ತಂತಿಗಳಿಗೆ ಟೆಸ್ಟ್ ಲ್ಯಾಂಪ್ ಚುಚ್ಚಬಾರದು, ಹಳದಿ ಕನೆಕ್ಟರಿನ ಏರ್‌ಬ್ಯಾಗ್ ತಂತಿಗಳ ತಂಟೆಗೆ ಹೋಗಬಾರದು, ನಿಜ. ಆದರೆ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆರೆಯುವುದೂ ಅಪರಾಧವೆಂಬಂತೆ ಮಾತಾಡುವುದು ಜ್ಞಾನವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಂತೆ. ಆ ಜೌಲನೇ ವೃತ್ತಿಯಿಂದ ವಿಜ್ಞಾನಿಯಲ್ಲ. ಮದ್ಯ ತಯಾರಿಸುವ ಮನೆತನದವನು, ಮನೆಯಲ್ಲೇ ಪ್ರಯೋಗಶಾಲೆ ಮಾಡಿಕೊಂಡ ಹವ್ಯಾಸಿ. ತಂತಿಯ ಕಾವಿನ ನಿಯಮವನ್ನು 1841ರಲ್ಲಿ ಅವನು ಪ್ರಕಟಿಸಿದಾಗ ಅವನಿಗೆ ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸು. 1827ರಲ್ಲಿ ತನ್ನ ಗ್ರಂಥವನ್ನು ಹೊರತಂದ ಓಮ್ ಅದಕ್ಕೆ ಮುಂಚೆ ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದವನು. ಇಬ್ಬರ ಬಳಿಯೂ ಇಂದಿನ ನಿಮ್ಮ ಮೀಟರಿನಂಥದ್ದು ಇರಲಿಲ್ಲ; ಅಳೆಯುವ ಹಟ ಇತ್ತು.

ಅದರಿಂದ ನನ್ನ ಮಾತು ಇಷ್ಟೇ. ಮುಂದಿನ ಬಲ್ಬು ಕೊಳ್ಳುವ ಮೊದಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಂದನ್ನು ಕೊಳ್ಳಿ. ಮನೆಯ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬ್ಯಾಟರಿಯ ತುದಿಯಿಂದ ದೀಪದ ತುದಿಯವರೆಗೆ ಅಳೆದು, ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೂ ನಾನು ಹೇಳಿದ್ದು ತಪ್ಪೆನ್ನಿಸಿದರೆ ಆ ನೋಟ್‌ಬುಕ್ಕನ್ನು ಹಿಡಿದುಕೊಂಡೇ ಜಗಳಕ್ಕೆ ಬನ್ನಿ. ಕಾಫಿ ನನ್ನದು.