ಕಡೇ ದಿನ ಯಾರದು?

ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು ನೋಡಲು ಹೋಗಿಬಂದ ನಮ್ಮ ಅಣ್ಣಿಗೇರಿಯ ಯಾವ ತಾಯಿಯನ್ನಾದರೂ ಕೇಳಿರಿ, ಕಡೇ ದಿನ ಆಕೆ ಏನು ನೋಡಿದಳೆಂದು. ಲಾಡ್ಜಿನ ಬಚ್ಚಲು, ಹಸಿ ಚಡ್ಡಿಗಳು, ಮುಚ್ಚಲೊಲ್ಲದ ಚೀಲ!

ಹನ್ನೆರಡಕ್ಕೆ ಖೋಲಿ ಬಿಡಬೇಕು, ಹುಬ್ಬಳ್ಳಿ ಗಾಡಿ ಇರುವುದು ರಾತ್ರಿಗೆ. ನಡುವಿನ ಹೊತ್ತು ನಮ್ಮವರ ಲೆಕ್ಕದಲ್ಲಿ 'ಖಾಲಿ'. "ವಿಶ್ವೇಶ್ವರಯ್ಯ ಮ್ಯೂಸಿಯಂ ಒಂದ್ ಉಳದೈತಿ, ವಿಧಾನಸೌಧದ ಮುಂದ ಒಂದ್ ಫೋಟೋ" ಎಂದರು. ಸಣ್ಣವಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ದೊಡ್ಡವನಿಗೆ ಯಂತ್ರಗಳಿಗಿಂತ ಮೂತ್ರದ ಅವಸರ. ಅವನನ್ನು ಎಳೆದುಕೊಂಡು ಓಡಿದವಳೂ ನಾನೇ.

ನನಗಿದ್ದದ್ದು ಒಂದೇ ಆಸೆ: ಲಾಲ್‌ಬಾಗಿನ ಹಾಸುಬಂಡೆಯ ಮೇಲೆ ಅರ್ಧ ತಾಸು ಸುಮ್ಮನೆ ಕೂಡುವುದು. ಎರೆ ಹೊಲದ ನಡುವೆ ಬೆಳೆದವಳಿಗೆ ಅಷ್ಟು ದೊಡ್ಡ ಕಲ್ಲೇ ಸೋಜಿಗ. ಸುಮಾರು 300 ಕೋಟಿ ವರ್ಷದ್ದು ಅದು. "ಕಲ್ಲಿನಾಗ ಏನ್ ನೋಡ್ತಿ?" ಎಂದು ನಕ್ಕುಬಿಟ್ಟರು.

2023ರ ಜೂನ್ 11ರಿಂದ ಸಾದಾ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೀಟಿನ ರೊಕ್ಕವಿಲ್ಲ. "ಇನ್ನೇನು ಬೇಕು ನಿಮಗೆ?" ಎನ್ನುವ ಗಂಡಸರಿದ್ದಾರೆ. ಟಿಕೀಟು ಮಾಫಿಯಾಯಿತು, ಚೀಲ ಹೊರುವುದು ಮಾಫಿಯಾಗಲಿಲ್ಲವಲ್ಲ! ಉಣಿಸುವುದು, ತೊಳೆಯುವುದು, ಎತ್ತಿಕೊಳ್ಳುವುದು ಊರು ಬದಲಾದರೂ ನಮ್ಮ ಪಾಲಿಗೇ ಇದ್ದರೆ ಅದಕ್ಕೆ ರಜೆ ಎಂಬ ಹೆಸರೇಕೆ?

ಅಕ್ಕಂದಿರೇ, ಕಡೇ ದಿನದ ಮಧ್ಯಾಹ್ನವನ್ನು ಊರು ಬಿಡುವ ಮೊದಲೇ ಕೇಳಿ ಇಟ್ಟುಕೊಳ್ಳಿರಿ. ಮಕ್ಕಳನ್ನು ಅಪ್ಪನ ಕೈಗೆ ಕೊಡಿರಿ. ಚಡ್ಡಿ ಎಲ್ಲಿ ಎಂದರೆ, ಹುಡುಕಲಿ ಬಿಡಿರಿ. ಕಳೆದ ಬೇಸಿಗೆಯಲ್ಲಿ ನಾನು ಹಾಗೇ ಮಾಡಿದೆ. ಬಂಡೆ ಸುಡುತ್ತಿತ್ತು, ಹತ್ತೇ ಮಿನಿಟು ಕೂತೆ. ಆಮೇಲೆ ಕೆಳಗೆ ಮರದ ನೆರಳಿಗೆ ಬಂದು ಶೇಂಗಾ ತಿಂದೆ, ಒಬ್ಬಳೇ.