ಬಸುರಿಗೆ ಲಸಿಕೆ ಬ್ಯಾಡ ಅನ್ನೋರಿಗೆ

ತಾಯಿ ಕಾರ್ಡ್ ಹಿಡ್ಕೊಂಡು ಹೋಗಿ, ಧನುರ್ವಾಯು ಬರಬಾರ್ದು ಅಂತ ತಿಂಗಳ ಅಂತರದಲ್ಲಿ ಎರಡು ಟಿಡಿ ಚುಚ್ಚಿಸ್ಕೊಂಡು ಬರೋ ಬಸುರಿಗೆ ಯಾರೂ ಎಂತದೂ ಹೇಳಲ್ಲ. ಕೊರೊನಾ ಲಸಿಕೆ ಅಂದ್ರೆ ಮಾತ್ರ ಮನೆಮಂದಿಗೆಲ್ಲ ಕೂಸಿನ ಚಿಂತೆ! ಹೊಸದು, ಭಯ ಆಗತ್ತೆ, ಒಪ್ಪಿದೆ. ಸರ್ಕಾರವೇ ಬಸುರೀರಿಗೂ ಹಾಕ್ಬೋದು ಅಂತ ಹೇಳಿದ್ದು 2021ರ ಜುಲೈ 2ಕ್ಕೆ. ಆದ್ರೆ ಆ ಲಸಿಕೇಲಿ ಜೀವ ಇರೋ ಕೊರೊನಾ ಇಲ್ಲ. ಬಸುರೀಲಿ ಕಾಯಿಲೆನೇ ಬಂದ್ರೆ ಐಸಿಯು ಸೇರೋದು, ದಿನ ತುಂಬೋಕ್ ಮುಂಚೆ ಹೆರಿಗೆ, ಎರಡರ ಅಪಾಯವೂ ಜಾಸ್ತಿ. ಬ್ಯಾಡ ಅನ್ನೋರು ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ.

ಭದ್ರಾವತೀಲಿರೋ ತಂಗಿ ಮಗಳಿಗೆ ಈಗ ಆರು ತಿಂಗಳು. ಹಾಕಿಸ್ಕೊಳ್ಳೇ ಅಂದಿದೀನಿ. ಶಿವಮೊಗ್ಗಕ್ಕೆ ತಪಾಸಣೆಗೆ ಬರೋವಾಗ ಅತ್ತೇನೂ ಕರ್ಕೊಂಡ್ ಬಾ, ಅವರ ಅನುಮಾನ ಡಾಕ್ಟ್ರ ಹತ್ರನೇ ಕೇಳ್ಲಿ.