ಮೈಯ ಲೆಕ್ಕ ಕೇಳುವವರಿಗೆ

ನಮ್ಮ ಕಂಗ್ಟಿ ಸೀಮೆಯಲ್ಲಿ ಒಬ್ಬರ ಮೈ ಸ್ವಲ್ಪ ಇಳಿಯಿತೆಂದರೆ ಆ ವಾರ್ತೆ ಮೂರು ಭಾಷೆಗಳಲ್ಲಿ ಹಬ್ಬುತ್ತದೆ. ಕನ್ನಡದವರು ‘ಸೊರಗಿದರು’ ಎನ್ನುವರು. ತೆಲುಗಿನವರು ‘ಬಕ್ಕಚಿಕ್ಕಿದರು’ ಎನ್ನುವರು. ಉರ್ದುವಿನವರು ‘ದುಬ್ಲಾ’ ಎನ್ನುವರು. ನುಡಿ ಬೇರೆಯಾದರೂ ಅದರ ಬೆನ್ನಿಗೇ ಬರುವ ವಿಚಾರಣೆ ಒಂದೇ: ಏಕೆ ಇಳಿಯಿತು? ಯಾವ ಬೇನೆ? ಏನು ಔಷಧಿ? ಶಾಲೆ ಯಾವ ಮಾಧ್ಯಮದ್ದಿರಬೇಕು, ಬಸ್ಸಿನ ಬೋರ್ಡು ಯಾವ ಲಿಪಿಯಲ್ಲಿರಬೇಕು ಎಂಬುದರಲ್ಲಿ ಎಂದೂ ಒಮ್ಮತಕ್ಕೆ ಬಾರದ ಗಡಿಯ ಜನರಾದ ನಾವು ಈ ಒಂದು ವಿಷಯದಲ್ಲಿ ಮಾತ್ರ ಸಂಪೂರ್ಣ ಏಕಮತದವರು.

ಈ ಪ್ರಶ್ನೆ ಹುಟ್ಟಿನಿಂದಲೇ ಕೆಟ್ಟದ್ದೆಂದು ನಾನು ಹೇಳೆನು. ಬರಗಾಲಗಳನ್ನು ಕಂಡ ನೆಲ ನಮ್ಮದು. ಮೈಕೈ ತುಂಬಿಕೊಂಡವನೆಂದರೆ ಮನೆಯಲ್ಲಿ ಜೋಳವುಳ್ಳವನು. ಸೊರಗಿದವನೆಂದರೆ ಅನ್ನವಿಲ್ಲದವನು, ಇಲ್ಲವೆ ರೋಗಿ. ನೀರು ಕಾಣದ ಸಸಿಗೆ ಹೇಳುವ ಮಾತನ್ನೇ ಕನ್ನಡವು ಮನುಷ್ಯನ ಮೈಗೂ ಹೇಳುತ್ತದೆ. ಅಂದು ‘ಸೊರಗಿದೆಯಲ್ಲ’ ಎಂದವಳು ಮರುಕ್ಷಣವೇ ರೊಟ್ಟಿ ತಂದಿಡುತ್ತಿದ್ದಳು. ಇಂದಿನ ವಿಚಾರಣೆಯಲ್ಲಿ ರೊಟ್ಟಿಯಿಲ್ಲ, ತೀರ್ಪು ಮಾತ್ರ ಇದೆ.

ಆ ತೀರ್ಪಿನ ರೀತಿಯನ್ನು ಗಮನಿಸಿರಿ. ದಪ್ಪಗಿದ್ದವರಿಗೆ ಬಾಯಿ ಚಪಲವೆಂಬ ಆರೋಪ. ಇಳಿದರೆ ಕ್ಷಯವೋ ಸಕ್ಕರೆಯೋ ಎಂಬ ಪಿಸುಮಾತು. ಮದುವೆಯಾಗದ ಹುಡುಗಿಯಾದರೆ ಹೇಳಬಾರದ ಮಾತುಗಳೂ ಉಂಟು. ಉಪವಾಸದಿಂದ, ನಡಿಗೆಯಿಂದ ಇಳಿಸಿದೆನೆಂದರೆ ಶಹಬ್ಬಾಸ್. ವೈದ್ಯರು ಕೊಟ್ಟ ಔಷಧಿಯಿಂದ ಇಳಿಯಿತೆಂದು ಬಾಯಿಬಿಟ್ಟರೋ, ‘ಅದೇನು ಇಳಿಸಿದ ಹಾಗೆ? ಅದು ಕಳ್ಳದಾರಿ’ ಎಂಬ ನಗೆ. ಈ ನ್ಯಾಯಸ್ಥಾನದಲ್ಲಿ ನಿರ್ದೋಷಿಯೆಂದು ಹೊರಬರುವ ದಾರಿಯೇ ಇಲ್ಲ.

ನನ್ನ ಪರಿಚಯದ ಶಿಕ್ಷಕಿಯೊಬ್ಬರು ಸಕ್ಕರೆ ರೋಗಕ್ಕೆಂದು ವೈದ್ಯರ ಆಜ್ಞೆಯಂತೆ ಚುಚ್ಚುಮದ್ದು ಆರಂಭಿಸಿದರು. ಮೈ ಇಳಿಯಿತು. ‘ಏನ್ರೀ ಅಕ್ಕೋರ, ಭಾಳ ಸೊರಗೀರಲ್ಲ, ಏನು ತೊಗೋತೀರಿ?’ ಎಂಬ ಪ್ರಶ್ನೆ ದಿನಕ್ಕೆ ನಾಲ್ಕು ಸಲ. ಸಹೋದ್ಯೋಗಿಗಳು ಅವರ ಊಟದ ಡಬ್ಬಿಯೊಳಗೆ ಇಣುಕಿ ರೊಟ್ಟಿ ಎಣಿಸತೊಡಗಿದರು. ಕೊನೆಗೆ ಆ ತಾಯಿ ಎಲ್ಲರೊಡನೆ ಕುಳಿತು ಉಣ್ಣುವುದನ್ನೇ ಬಿಟ್ಟರು. ಸಮೀಪದ ಅಂಗಡಿಯಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುವುದೆಂದು ಔಷಧಿಗಾಗಿ ಬೀದರಿಗೆ ಹೋಗಿಬರುತ್ತಿದ್ದರು. ಬಸ್ಸು ತಪ್ಪಿದ ವಾರ ಔಷಧಿಯೂ ತಪ್ಪುತ್ತಿತ್ತು. ಕೇಳಿದವರಲ್ಲಿ ಒಬ್ಬರಾದರೂ ದುಷ್ಟರಲ್ಲ. ಎಲ್ಲರೂ ‘ಕಾಳಜಿಯಿಂದ’ ಕೇಳಿದವರೇ.

ಕಳ್ಳದಾರಿಯೆಂಬ ಮಾತನ್ನು ಪರೀಕ್ಷಿಸೋಣ. 2025ರ ಮಾರ್ಚ್ ತಿಂಗಳಲ್ಲಿ ಮೌಂಜಾರೊ, ಜೂನ್ ತಿಂಗಳಲ್ಲಿ ವೆಗೋವಿ ಎಂಬ ಚುಚ್ಚುಮದ್ದುಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದವು. ವಾರಕ್ಕೊಮ್ಮೆ ಚರ್ಮದಡಿಯಲ್ಲಿ ಚುಚ್ಚಿಕೊಳ್ಳತಕ್ಕವು. ಈ ಜಾತಿಯ ಔಷಧಿಗಳು ಮೊದಲು ಹುಟ್ಟಿದ್ದು ಸಕ್ಕರೆ ರೋಗಕ್ಕಾಗಿ. ಉಂಡ ಬಳಿಕ ನಮ್ಮ ಕರುಳು ತಾನಾಗಿ ಸ್ರವಿಸುವ ಹಾರ್ಮೋನನ್ನು ಅನುಕರಿಸಿ ಇವು ಹಸಿವನ್ನು ತಗ್ಗಿಸುತ್ತವೆ. ಜಠರವು ಬರಿದಾಗುವುದನ್ನು ನಿಧಾನಗೊಳಿಸುತ್ತವೆ. ವಾಕರಿಕೆ, ವಾಂತಿ, ಮಲಬದ್ಧತೆಗಳು ಹಲವರನ್ನು ಕಾಡುತ್ತವೆ. ಬೆಲೆಯೂ ಅಲ್ಪವಲ್ಲ: ಮೌಂಜಾರೊ ಬಂದ ಹೊಸದರಲ್ಲಿ ಅತಿ ಕಡಿಮೆ ಪ್ರಮಾಣದ ಒಂದು ಸೀಸೆಗೆ 3,500 ರೂಪಾಯಿ. ನಿಲ್ಲಿಸಿದರೆ ಇಳಿದ ತೂಕದ ಬಹುಭಾಗ ಅನೇಕರಿಗೆ ಮರಳಿ ಬರುವುದೆಂದು ಪರೀಕ್ಷೆಗಳು ತೋರಿಸಿವೆ. ‘ನೋಡಿದಿರಾ, ಮರಳಿ ಬಂತು!’ ಎಂದು ಟೀಕಾಕಾರರು ಇದನ್ನೇ ಹಿಡಿದು ಕುಣಿಯುವರು. ನನಗೆ ತೋರುವುದು ಬೇರೆ. ರಕ್ತದೊತ್ತಡದ ಗುಳಿಗೆ ನಿಲ್ಲಿಸಿದರೂ ಒತ್ತಡ ಮರಳಿ ಏರುತ್ತದೆ. ಅದಕ್ಕಾಗಿ ಯಾವ ಅಜ್ಜನನ್ನೂ ನಾವು ದುರ್ಬಲ ಮನಸ್ಸಿನವನೆಂದು ಹಳಿಯುವುದಿಲ್ಲ. ಹಸಿವು ಕೇವಲ ಸಂಕಲ್ಪದ ಮಾತಲ್ಲ, ದೇಹದೊಳಗಿನ ವ್ಯವಹಾರವೂ ಹೌದೆಂದು ಈ ಔಷಧಿಯೇ ಸಾಕ್ಷಿ ನುಡಿಯುತ್ತಿದೆ. ಔಷಧಿಯ ಪರವಾಗಿ ವಕಾಲತ್ತು ವಹಿಸಲು ನಾನು ಕುಳಿತಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ನಿರ್ಣಯಿಸುವವರು ರೋಗಿ ಮತ್ತು ವೈದ್ಯರು. ಕಟ್ಟೆಯ ಮೇಲೆ ಕುಳಿತವರಲ್ಲ.

ಆದರೆ ನನ್ನ ಎದುರುವಾದಿಗಳಲ್ಲಿ ಒಂದು ಬಲವಾದ ಮಾತಿದೆ. ಗುಟ್ಟೇ ಪ್ರಾಣ ತೆಗೆಯುತ್ತದೆ, ಆದುದರಿಂದ ಕೇಳಲೇಬೇಕು ಎಂಬುದು ಅವರ ವಾದ. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ಅಭಿನಯಿಸಿದ್ದ 21 ವರ್ಷದ ನಟಿ ಚೇತನಾ ರಾಜ್ 2022ರ ಮೇ 16ರಂದು ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಮಗಳು ತಮಗೆ ತಿಳಿಸಿರಲಿಲ್ಲವೆಂದು ತಂದೆತಾಯಿಗಳು ಹೇಳಿದರು. ಆಸ್ಪತ್ರೆಯ ನಿರ್ಲಕ್ಷ್ಯವನ್ನು ದೂರಿದರು. ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಅಧಿಕಾರ ನಮಗಿಲ್ಲ. ಆದರೆ ಆ ಸಾವಿನ ಸುದ್ದಿ ಬಂದಂದು ನಮ್ಮ ಕಡೆಯ ಮಾತುಕತೆಗಳಲ್ಲಿ ನಾನು ಕೇಳಿದ್ದೇನು? ‘ತೆಳ್ಳಗಾಗುವ ಹುಚ್ಚು, ಮತ್ತೇನು?’ ಎಂದು. ಪರದೆಯ ಮೇಲೆ ಒಂದಿಷ್ಟು ಮೈ ತುಂಬಿದ ನಾಯಕಿಯನ್ನು ಕಂಡರೆ ಮೊದಲು ನಗುವವರೂ ಇದೇ ಜನ! ತೀರ್ಪಿಗೆ ಅಂಜಿದವರು ಬಾಗಿಲು ಮುಚ್ಚಿಕೊಳ್ಳುವರು. ಬಾಗಿಲು ಮುಚ್ಚಿದ್ದೇಕೆಂದು ಮತ್ತೊಂದು ತೀರ್ಪು. ಗುಟ್ಟು ಬೇರೆ, ಖಾಸಗಿತನ ಬೇರೆ. ಅಂಜಿಕೆಯಿಂದ ಯಾರಿಗೂ ಹೇಳದಿರುವುದು ಗುಟ್ಟು. ಅಂಜಿಕೆಯಿಲ್ಲದೆ, ತನಗೆ ಬೇಕಾದವರಿಗೆ ಮಾತ್ರ ಹೇಳುವುದು ಖಾಸಗಿತನ. ಎರಡನೆಯದನ್ನು ನಾವು ಉಳಿಯಗೊಟ್ಟರೆ ಮೊದಲನೆಯದಕ್ಕೆ ಅಷ್ಟು ಕಾರಣವಿರದು.

ಖಾಸಗಿತನವೆಂಬುದು ಪಟ್ಟಣದವರ ಷೋಕಿಯೆಂದು ಹೇಳುವವರಿದ್ದಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. ಆ ತೀರ್ಪು ಮುಖ್ಯವಾಗಿ ಸರ್ಕಾರವನ್ನು ಕುರಿತದ್ದು. ಪಕ್ಕದ ಮನೆಯವರಿಗೆ ಅದರ ನೋಟೀಸು ಹೋಗುವುದಿಲ್ಲ. ಆದರೂ ಸರ್ಕಾರವೇ ಅಂಕೆಯಲ್ಲಿರಬೇಕಾದ ಕಡೆ ನೆರೆಯವರಿಗೇಕೆ ಇಷ್ಟು ಸಲಿಗೆ?

ಹಾಗಾದರೆ ಸೊರಗುತ್ತಿರುವವರನ್ನು ಕಂಡೂ ಸುಮ್ಮನಿರಬೇಕೆ? ಬೇಡ. ಅಕಾರಣವಾಗಿ ತೂಕ ಇಳಿಯುವುದು ಕ್ಷಯದ ಲಕ್ಷಣಗಳಲ್ಲೊಂದು. ಕನಿಷ್ಠ ಆರು ತಿಂಗಳ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಿದ್ದಾರೆ. ಇದನ್ನು ತಿಳಿದವರು ಒಮ್ಮೆ, ಏಕಾಂತದಲ್ಲಿ, ‘ಅಣ್ಣಾ, ದವಾಖಾನೆಗೆ ತೋರಿಸಿದಿರಾ? ನಾನೂ ಬರಲೇ?’ ಎಂದು ಕೇಳಲಿ; ‘ಬೇಡ’ವೆಂದರೆ ಅಲ್ಲಿಗೇ ಬಿಡಲಿ. ಹತ್ತು ಜನರ ನಡುವೆ ಕೇಳಿದ್ದು ಕಾಳಜಿಯ ಲೆಕ್ಕಕ್ಕೆ ಸೇರದು.

ಇನ್ನು ನಮ್ಮ ಶಾಲೆಗಳ ವಿಚಾರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಆರೋಗ್ಯ ತಂಡದವರು ಶಾಲೆಗೆ ಬಂದು ಮಕ್ಕಳನ್ನು ಪರೀಕ್ಷಿಸುವರು. ಒಳ್ಳೆಯ ಕೆಲಸ. ಆದರೆ ತೂಕದ ಯಂತ್ರವನ್ನು ತರಗತಿಯ ನಡುವೆ ಇಟ್ಟು, ಒಬ್ಬೊಬ್ಬರನ್ನೇ ಏರಿಸಿ, ಕಿಲೋಗಳನ್ನು ಗಟ್ಟಿಯಾಗಿ ಕೂಗಿ ಬರೆಸುವುದು ಯಾವ ಶಿಕ್ಷಣಶಾಸ್ತ್ರ? ಆ ಸಂಖ್ಯೆ ಸಂಜೆಯೊಳಗೆ ಅಡ್ಡಹೆಸರಾಗುತ್ತದೆ. ‘ಡುಮ್ಮಿ’, ‘ಕಡ್ಡಿ’ ಎಂಬ ಹೆಸರುಗಳನ್ನು ಹೊತ್ತು ಏಳನೆಯ ತರಗತಿಯವರೆಗೆ ನಡೆಯುವ ಮಕ್ಕಳುಂಟು. ಮುಂದಿನ ಸಲ ಪರೀಕ್ಷೆಯ ದಿನವೇ ಹೊಟ್ಟೆನೋವೆಂದು ಮನೆಯಲ್ಲುಳಿಯುವವರೂ ಇವರೇ. ಪರೀಕ್ಷೆ ನಿಜವಾಗಿ ಬೇಕಾದದ್ದೂ ಇವರಿಗೇ.

ಉಪಾಧ್ಯಾಯ ಬಂಧುಗಳೇ, ಇದನ್ನು ನಿಲ್ಲಿಸಲು ಯಾವ ಮೇಲಧಿಕಾರಿಯ ಆದೇಶವೂ ಬೇಕಿಲ್ಲ. ಯಂತ್ರವನ್ನು ಕಚೇರಿಯ ಕೋಣೆಯಲ್ಲಿಡಿರಿ. ಕೋಣೆಯಿಲ್ಲದಿದ್ದರೆ ಎರಡು ಬೀರುಗಳ ನಡುವೆ ಒಂದು ಸೀರೆ ಕಟ್ಟಿರಿ. ಒಬ್ಬೊಬ್ಬ ಮಗುವನ್ನೇ ಒಳಗೆ ಕರೆಯಿರಿ. ಸಂಖ್ಯೆಯನ್ನು ಬಾಯಲ್ಲಿ ಹೇಳದೆ ಬರೆಯಿರಿ, ತಂದೆತಾಯಿಗಳಿಗೆ ತಿಳಿಸಬೇಕಾದ್ದನ್ನು ಮಡಿಸಿದ ಚೀಟಿಯಲ್ಲಿ ಕಳುಹಿಸಿರಿ, ರಿಜಿಸ್ಟರನ್ನು ಬೀಗದೊಳಗಿಡಿರಿ.